ಗಂಜಾಮಿನ ಬೀದಿಯೂ ದೊಡ್ಡಸ್ವಾಮಿಯವರೂ

ಶ್ರೀರಂಗಪಟ್ಟಣವನ್ನು ಒಮ್ಮೆಯೂ ನೋಡದ ಕುಟುಂಬ ನಮ್ಮ ಧರ್ಮಪ್ರಾಂತ್ಯದಲ್ಲಿ ವಿರಳ. ಶಾಲೆಯ ಪ್ರವಾಸಕ್ಕೋ, ನೆಂಟರಿಷ್ಟರು ಬಂದಾಗಲೋ, ಮೈಸೂರಿಗೆ ಹೋಗುವ ದಾರಿಯಲ್ಲೋ ಅಲ್ಲಿ ಇಳಿದಿರುತ್ತೇವೆ. ರಂಗನಾಥಸ್ವಾಮಿ ದೇವಸ್ಥಾನ, ಟಿಪ್ಪು ಸುಲ್ತಾನ ಮಡಿದ ಜಾಗ, ದರಿಯಾ ದೌಲತ್, ಗುಂಬಜ್, ಸಂಗಮ ಇಷ್ಟನ್ನು ನೋಡಿ, ಹೊಳೆದಡದಲ್ಲಿ ಬುತ್ತಿ ಬಿಚ್ಚಿ ಉಂಡು ಹಿಂದಿರುಗುತ್ತೇವೆ. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ತೆರೆದ ಮೇಲಂತೂ ಊರನ್ನು ಬಳಸಿಕೊಂಡೇ ಮುಂದೆ ಸಾಗುವವರು ಹೆಚ್ಚು. ಹೀಗಾಗಿ, ದರಿಯಾ ದೌಲತ್‌ನಿಂದ ಗುಂಬಜ್‌ಗೆ ಹೋಗುವಾಗ ನಡುವೆ ಒಂದು ಹಳೆಯ ಪೇಟೆಯನ್ನು ದಾಟುತ್ತೇವೆ, ಆ ಪೇಟೆಯ ಬೀದಿಗೂ ನಮ್ಮ ಧರ್ಮಸಭೆಯ ಚರಿತ್ರೆಗೂ ಬಿಡಿಸಲಾಗದ ನಂಟಿದೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು.

ಆ ಪೇಟೆಯೇ ಗಂಜಾಂ. ತಪಸ್ಸುಕಾಲದ ಈ ದಿನಗಳಲ್ಲಿ ಆ ಬೀದಿಯಲ್ಲಿ ನಿಧಾನವಾಗಿ ಒಮ್ಮೆ ನಡೆದು ಬರೋಣ. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಕಡೆಯ ಕುಟುಂಬಗಳಿಗೆ ಇದು ಮನೆಯಂಗಳದ ಚರಿತ್ರೆ. ದೂರದವರಿಗೂ ಇದು ಕೇಳಬೇಕಾದ ಕಥೆ. ಏಕೆಂದರೆ ನೋವುಂಡ ಒಂದು ಸಮುದಾಯ ತನ್ನ ನೋವಿನ ನೆನಪನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಈ ಬೀದಿಯಲ್ಲಿ ನಮಗೆ ಎದುರಾಗುತ್ತದೆ.

ಪೇಟೆ ಬೆಳೆದ ಬಗೆ

ಕಾವೇರಿ ಇಬ್ಭಾಗವಾಗಿ ಹರಿದು ಮತ್ತೆ ಕೂಡುವ ನಡುವೆ ಉಂಟಾದ ದ್ವೀಪ ಶ್ರೀರಂಗಪಟ್ಟಣ. ಉದ್ದ ಸುಮಾರು ಐದು ಕಿಲೋಮೀಟರ್, ಅಗಲ ಒಂದೂವರೆ ಕಿಲೋಮೀಟರಿನಷ್ಟು. ಪಶ್ಚಿಮದ ತುದಿಯಲ್ಲಿ ಕೋಟೆ, ಪೂರ್ವದ ತುದಿಯಲ್ಲಿ ಲಾಲ್‌ಬಾಗ್ ಮತ್ತು ಹೈದರ್, ಟಿಪ್ಪು ಇಬ್ಬರ ಸಮಾಧಿಯಿರುವ ಗುಂಬಜ್. ಇವೆರಡರ ನಡುವಿನದು ಗಂಜಾಂ. 1610ರಲ್ಲಿ ರಾಜ ಒಡೆಯರು ಈ ಊರನ್ನು ಗೆದ್ದು ರಾಜಧಾನಿ ಮಾಡಿಕೊಂಡರು. ಹೈದರ್ ಮತ್ತು ಟಿಪ್ಪುವಿನ ಕಾಲಕ್ಕೆ ಅದು ದಕ್ಷಿಣ ಭಾರತದ ಬಲು ದೊಡ್ಡ ಪಟ್ಟಣಗಳಲ್ಲಿ ಒಂದಾಗಿತ್ತು. ಕೋಟೆಯೊಳಗೆ ಅರಮನೆ, ದೇವಸ್ಥಾನ, ಮಸೀದಿ, ಸೇನೆ. ವ್ಯಾಪಾರ ವಹಿವಾಟು ಹೊರಗಿನ ಪೇಟೆಯಲ್ಲಿ. 'ಗಂಜ್' ಎಂದರೆ ಸಂತೆ, ಮಾರುಕಟ್ಟೆ. ಹಾಗಾಗಿ ಹಳೆಯ ಬರಹಗಳಲ್ಲಿ ಇದರ ಹೆಸರು 'ಶಹರ್ ಗಂಜಾಂ'.

ಈ ಪೇಟೆಗೆ ಜನ ತಾವಾಗಿಯೇ ಬಂದು ನೆಲೆಸಲಿಲ್ಲ. ಕಸುಬು ಬಲ್ಲ ಜನರು ರಾಜಧಾನಿಯಲ್ಲಿ ತುಂಬಿರಬೇಕೆಂದು ಟಿಪ್ಪು ಸುಲ್ತಾನ ಸಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಇಲ್ಲಿಗೆ ಸಾಗಿಸಿದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಮೊಘಲರ ಪ್ರಾಂತ್ಯಾಧಿಕಾರಿಯ ಠಾಣೆಯಾಗಿ ಮೆರೆದಿದ್ದ ಸಿರಾ ಬರಿದಾಗಿ, ಗಂಜಾಂ ತುಂಬಿತು. ಮನೆ, ಬಾವಿ, ಹಿತ್ತಲಿನ ಮರ, ಹಿರಿಯರ ಗೋರಿ ಎಲ್ಲವನ್ನೂ ಬಿಟ್ಟು ಅಪ್ಪಣೆಯಂತೆ ಹೊರಟವರ ಬೀದಿ ಇದು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸರಿಯಾಗಿ ಅರ್ಥವಾಗುತ್ತದೆ.

1792ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ದ್ವೀಪಕ್ಕೆ ನುಗ್ಗಿದಾಗ ಜೊತೆಯಲ್ಲಿದ್ದ ಮೇಜರ್ ಡಿರೋಮ್ ಎಂಬ ಅಧಿಕಾರಿ ಪೇಟೆಯ ವರ್ಣನೆ ಬರೆದಿಟ್ಟಿದ್ದಾನೆ. ಕೋಟೆಯ ಮುಂದೆ ಬಯಲು ಬೇಕೆಂದು ಪೇಟೆಯ ಪಶ್ಚಿಮದ ಭಾಗವನ್ನು ಅದಕ್ಕೂ ಮೊದಲೇ ಕೆಡವಲಾಗಿತ್ತು. ಉಳಿದದ್ದು ಸುಮಾರು ಅರ್ಧ ಮೈಲಿ ಚೌಕ. ಸುತ್ತ ಮಣ್ಣಿನ ಗೋಡೆ. ಒಳಗೆ ಒಂದನ್ನೊಂದು ನೇರವಾಗಿ ಹಾಯುವ ಅಗಲವಾದ ಬೀದಿಗಳು. ಬೀದಿಯ ಎರಡೂ ಬದಿ ನೆರಳು ಕೊಡುವ ಮರಗಳು. ತುಂಬ ಒಳ್ಳೆಯ ಮನೆಗಳು. ವರ್ತಕರೂ ಕಾವಲಿನ ಸೈನಿಕರೂ ಅಲ್ಲಿ ವಾಸವಾಗಿದ್ದರು. ಆದರೆ ಅದೇ ಯುದ್ಧದಲ್ಲಿ ಲಾಲ್‌ಬಾಗಿನ ಮರಗಳನ್ನು ಮುತ್ತಿಗೆಯ ಕೆಲಸಕ್ಕೆ ಕಡಿದು ಹಾಕಿದರು. ತೋಟದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಸಂಧಾನದ ಷರತ್ತಿನಂತೆ ಸುಲ್ತಾನನ ಇಬ್ಬರು ಎಳೆಯ ಗಂಡುಮಕ್ಕಳು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸ್‌ನ ಡೇರೆಗೆ ನಡೆದುಹೋದರು. ಯುದ್ಧದಲ್ಲಿ ಅರಮನೆಯ ಮಕ್ಕಳೂ ಬೀದಿಯ ಮಕ್ಕಳೂ ಒಂದೇ.

ಸೆರೆಯ ಹದಿನೈದು ವರ್ಷ

ಶ್ರೀರಂಗಪಟ್ಟಣದಲ್ಲಿ ಕ್ರೈಸ್ತರ ಕಥೆ ಟಿಪ್ಪುವಿನ ಕಾಲಕ್ಕಿಂತ ಹಳೆಯದು. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದಾಗ, 17ನೆಯ ಶತಮಾನದ ನಡುಭಾಗದಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಇಲ್ಲಿಗೆ ಬಂದು ಮೈಸೂರು ಮಿಷನ್ನಿಗೆ ಬುನಾದಿ ಹಾಕಿದರು. 1773ರಲ್ಲಿ ಯೇಸುಸಭೆಯೇ ರದ್ದಾದ ಮೇಲೆ ಈ ಸೀಮೆಯ ಹೊಣೆ ಪಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳ ಪಾಲಿಗೆ ಬಂತು. ವಿಯೆಟ್ನಾಂ, ಸಯಾಂ ಮುಂತಾದ ದೂರದೇಶಗಳಲ್ಲಿ ದುಡಿಯುತ್ತಿದ್ದ ಸಂಸ್ಥೆಯೇ ಅದು.

ಆಮೇಲೆ ಬಂದದ್ದು 1784. ಎರಡನೆಯ ಮೈಸೂರು ಯುದ್ಧದಲ್ಲಿ ಮಂಗಳೂರು ಸೀಮೆಯ ಕಥೋಲಿಕರು ಇಂಗ್ಲಿಷರಿಗೆ ನೆರವಾದರೆಂಬ ಸಂದೇಹ ಟಿಪ್ಪುವಿಗೆ ಬಲವಾಯಿತು. ಆ ವರ್ಷದ ವಿಭೂತಿ ಬುಧವಾರದಂದು ಸೆರೆ ಹಿಡಿಯುವ ಕೆಲಸ ಶುರುವಾಯಿತೆಂಬುದು ಮಂಗಳೂರು ಕ್ರೈಸ್ತರ ನೆನಪಿನಲ್ಲಿ ಅಳಿಯದೆ ಉಳಿದಿದೆ. ಚರ್ಚುಗಳು ನೆಲಸಮವಾದವು. ಹೆಂಗಸರು, ಮಕ್ಕಳು, ಮುದುಕರೆನ್ನದೆ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದರು. ದಾರಿಯಲ್ಲೇ ಬಹಳ ಮಂದಿ ಸತ್ತರು. ಹೀಗೆ ಬಂದವರ ಸಂಖ್ಯೆಯನ್ನು ಅರವತ್ತು ಸಾವಿರವೆಂದು ಹೇಳುವುದು ರೂಢಿ. ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಬೇರೆ ಬೇರೆ ಲೆಕ್ಕಗಳಿವೆ. ಹಲವರನ್ನು ಬಲವಂತದಿಂದ ಮತಾಂತರಿಸಿ ಸೇನೆಗೆ ಸೇರಿಸಲಾಯಿತು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ ಬದುಕುಳಿದವರಿಗೆ ಬಿಡುಗಡೆಯಾಯಿತು. ಬಹುಮಂದಿ ತಮ್ಮ ಕರಾವಳಿಗೆ ಮರಳಿದರು.

ಈ ಸಂಕಟವನ್ನು ಮರೆಮಾಚಿ ಹೇಳಬೇಕಾಗಿಲ್ಲ. ಆದರೆ ಚರಿತ್ರೆಯನ್ನು ಹೇಳುವಾಗ ಪೂರ್ತಿ ಹೇಳುವುದು ಕ್ರೈಸ್ತರಾದ ನಮ್ಮ ಕರ್ತವ್ಯ. ಇದೇ ಟಿಪ್ಪು 1791ರಲ್ಲಿ ಮರಾಠರ ದಂಡು ಶೃಂಗೇರಿಯ ಮಠವನ್ನು ಕೊಳ್ಳೆ ಹೊಡೆದಾಗ ಅಲ್ಲಿನ ಸ್ವಾಮಿಗಳಿಗೆ ಭಕ್ತಿಯಿಂದ ಪತ್ರ ಬರೆದು, ದೇವರ ಪುನಃಪ್ರತಿಷ್ಠೆಗೆ ಹಣ ಕಳಿಸಿದವನು. ಅವನ ಅರಮನೆಯ ಹತ್ತಿರವೇ ರಂಗನಾಥನ ಪೂಜೆ ನಿಲ್ಲದೆ ನಡೆಯಿತು. ತನಗೆ ಎದುರಾದವರು ಎಂದು ಕಂಡವರ ಮೇಲೆ, ಕೊಡವರಾಗಲಿ ಕಥೋಲಿಕರಾಗಲಿ, ಅವನ ಕೈ ಕಠೋರವಾಗಿ ಬಿತ್ತು. ಸಿರಾದ ಕುಟುಂಬಗಳಂತೂ ಯಾರಿಗೂ ಎದುರಾಗಿರಲಿಲ್ಲ. ಅವರನ್ನೂ ಎತ್ತಿ ತಂದು ಇಲ್ಲಿ ಇಳಿಸಿದ. ಆ ಕಾಲದ ಅರಸರು, ನವಾಬರು, ಕಂಪನಿಯ ಜನರಲ್‌ಗಳು ಎಲ್ಲರ ಕಣ್ಣಿಗೂ ಜನವೆಂದರೆ ಚದುರಂಗದ ಕಾಯಿ. ನಮ್ಮ ಪೂರ್ವಿಕರ ನೋವು ದೊಡ್ಡದು, ಅದೊಂದೇ ನೋವಲ್ಲ.

ಯುದ್ಧದ ಮರುದಿನ ಬಂದ ಗುರು

ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಗೆ ಬಂತು. ಹದಿನಾರು ವರ್ಷದ ನಂತರ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಚದುರಿಹೋಗಿದ್ದ, ಹೆದರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಒಬ್ಬ ಗುರು ಬೇಕೆಂದಾಗ ಅವನ ಕರೆಯ ಮೇರೆಗೆ ಬಂದವರು ಅಬ್ಬೆ ಜಾನ್ ಆಂತ್ವಾನ್ ದ್ಯುಬುವಾ. ನಮ್ಮ ಕಡೆಯ ಬಾಯಲ್ಲಿ 'ಡುಬಾಯ್ ಸ್ವಾಮಿಗಳು'.

ಅವರು ಫ್ರಾನ್ಸಿನವರು, ದಕ್ಷಿಣದ ಆರ್ದೆಶ್ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ಕ್ರಾಂತಿಯ ಬೆಂಕಿ ಉರಿಯುತ್ತಿದ್ದ 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಭಾರತಕ್ಕೆ ಹೊರಟರು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆಗ ಫ್ರೆಂಚರೂ ಇಂಗ್ಲಿಷರೂ ಬದ್ಧ ವೈರಿಗಳು. ಹೈದರ್ ಮತ್ತು ಟಿಪ್ಪುವಿನ ಚಾಕರಿಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಕಾರಣಕ್ಕೇ ಇಂದಿನ ಪಾಂಡವಪುರಕ್ಕೆ 'ಫ್ರೆಂಚ್ ರಾಕ್ಸ್' ಎಂಬ ಹೆಸರು ಬಹುಕಾಲ ಅಂಟಿಕೊಂಡಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ಇಂಗ್ಲಿಷ್ ಕರ್ನಲ್ ಒಬ್ಬ ಫ್ರೆಂಚ್ ಗುರುವನ್ನು ಗೆದ್ದ ಊರಿನೊಳಗೆ ಕರೆಸಿಕೊಂಡನೆಂದರೆ, ಆ ಗುರುವಿನ ನಡತೆ ಹೇಗಿದ್ದಿರಬೇಕು!

ದ್ಯುಬುವಾ ಸ್ವಾಮಿಗಳು ಈ ದೇಶದ ಉಡುಪು ಉಟ್ಟರು, ತಲೆಗೆ ರುಮಾಲು ಸುತ್ತಿದರು, ಇಲ್ಲಿನವರ ಊಟವನ್ನೇ ಉಂಡರು, ಇಲ್ಲಿನ ಭಾಷೆಗಳನ್ನು ಕಲಿತರು. ಜನ ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು. ಅವರು ಊರು ಬಿಟ್ಟು ಮುಕ್ಕಾಲು ಶತಮಾನ ಕಳೆದ ಮೇಲೂ ಮೈಸೂರು ಸೀಮೆಯಲ್ಲಿ ಆ ಹೆಸರು ಬಾಳಿತ್ತೆಂದು ಅವರ ಗ್ರಂಥದ 1897ರ ಆಕ್ಸ್‌ಫರ್ಡ್ ಆವೃತ್ತಿಯಲ್ಲಿ ದಾಖಲಾಗಿದೆ.

ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಕರೆಯಲ್ಪಡುವ ಚರ್ಚು 1800ರ ಸುಮಾರಿಗೆ ಎದ್ದಿತು. ಮೈಸೂರಿನ ಸಂತ ಫಿಲೋಮಿನಾ ಮಹಾದೇವಾಲಯವನ್ನು ಕಂಡ ಕಣ್ಣಿಗೆ ಇದು ಚಿಕ್ಕದು. ಆದರೆ ಅದು ಎದ್ದ ಕಾಲವನ್ನು ನೆನೆಯಿರಿ. ಆ ವರ್ಷ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ ಕೋಟೆಯೊಳಗೆ 4,163 ಮನೆಗಳನ್ನೂ ಹೊರಪೇಟೆಯಲ್ಲಿ 2,216 ಮನೆಗಳನ್ನೂ ಲೆಕ್ಕಕ್ಕೆ ಹಿಡಿದು, ಮನೆಗೆ ಐವರಂತೆ ಒಟ್ಟು 31,895 ಜನರೆಂದು ಎಣಿಸಿದ. ಟಿಪ್ಪುವಿನ ಆಳ್ವಿಕೆಯಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕೆಂಬುದು ಅವನ ಅಂದಾಜು. ಐದು ಪಾಲಿನಲ್ಲಿ ನಾಲ್ಕು ಪಾಲು ಜನ ಇಲ್ಲವಾಗಿದ್ದ ಊರಿನಲ್ಲಿ, ಸೆರೆಯಿಂದ ಬಿಟ್ಟವರು ತಮ್ಮೂರಿಗೆ ಹೊರಟುಹೋಗುತ್ತಿದ್ದಾಗ, ಉಳಿದವರಿಗಾಗಿ ಬಲಿಪೂಜೆ ನಡೆಯಬೇಕೆಂದು ಒಂದು ಪೀಠ ಎದ್ದಿತು. ಎಷ್ಟು ಜನ ಬರುತ್ತಾರೆಂದು ಎಣಿಸಿ ಕಟ್ಟಿದ ಚರ್ಚಲ್ಲ ಅದು.

ದಾಕು ಹಾಕಿದ ಕೈ

ನಮ್ಮ ಮನೆಗಳ ಹಿರಿಯರ ತೋಳನ್ನು ನೋಡಿದರೆ ದುಂಡಗಿನ ಒಂದು ಕಲೆ ಕಾಣುತ್ತದೆ. ಸಿಡುಬಿಗೆ ದಾಕು ಹಾಕಿಸಿಕೊಂಡ ಗುರುತು ಅದು. ಇಂದಿನ ಮಕ್ಕಳಿಗೆ ಆ ಕಲೆ ಇಲ್ಲ. ಹಾಕಿಸುವ ಅಗತ್ಯವೇ ಇಲ್ಲ. 1977ರಲ್ಲಿ ಭಾರತ, 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವೆಂದು ಘೋಷಿತವಾಯಿತು. ಮೈಸೂರು ಸೀಮೆಯಲ್ಲಿ ಆ ದೀರ್ಘ ಹೋರಾಟದ ಮೊದಲ ಸಾಲಿನಲ್ಲಿ ನಿಂತವರು ನಮ್ಮ ದೊಡ್ಡಸ್ವಾಮಿಯವರು.

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ರಸದಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದ್ದ. 1802ರ ಜೂನ್‌ನಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಆನಾ ಎಂಬ ಹುಡುಗಿಗೆ ದಾಕು ಹಾಕಿದ್ದು ಭಾರತದಲ್ಲಿ ಮೊದಲನೆಯದು. ಆಗ ಐಸ್ ಪೆಟ್ಟಿಗೆಯಿಲ್ಲ, ಸೀಸೆಯಲ್ಲಿ ಬಹುದಿನ ಇಟ್ಟರೆ ಔಷಧಿ ಸತ್ತುಹೋಗುತ್ತಿತ್ತು. ಹಾಗಾಗಿ ಒಬ್ಬರ ತೋಳಿನಲ್ಲಿ ಸುಮಾರು ಎಂಟನೆಯ ದಿನ ಎದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕು, ಅವರಿಂದ ಮತ್ತೊಬ್ಬರಿಗೆ. ಸರಪಳಿ ಎಲ್ಲಿಯೂ ಕಡಿಯಬಾರದು. ಒಂದು ಮಗುವಿನ ಮೈಯಿಂದ ಇನ್ನೊಂದು ಮಗುವಿಗೆ! ಜಾತಿ, ಮಡಿ, ಮೈಲಿಗೆಯ ಕಟ್ಟುಪಾಡು ಬಿಗಿಯಾಗಿದ್ದ ಕಾಲದಲ್ಲಿ, ಸಿಡುಬೆಂದರೆ ಅಮ್ಮ ಬಂದಳೆಂದು ಕೈಮುಗಿಯುತ್ತಿದ್ದ ಊರುಗಳಲ್ಲಿ, ತಾಯಂದಿರು ಇದಕ್ಕೆ ಒಪ್ಪಬೇಕಾದರೆ ಕೇಳುವವನ ಮೇಲೆ ಎಷ್ಟು ನಂಬಿಕೆ ಇರಬೇಕು!

1803-04ರಲ್ಲಿ ದ್ಯುಬುವಾ ಸ್ವಾಮಿಗಳ ಮುಂದಾಳ್ತನದಲ್ಲಿ ದಾಕು ಹಾಕಿಸಿಕೊಂಡವರ ಸಂಖ್ಯೆ 25,432 ಎಂದು ದಾಖಲಾಗಿದೆ. ಇತ್ತ ಮೈಸೂರಿನ ಅರಮನೆಯೂ ಹಿಂದೆ ಬೀಳಲಿಲ್ಲ. ರಾಣಿ ಲಕ್ಷ್ಮಮ್ಮಣ್ಣಿಯವರ ಪ್ರೋತ್ಸಾಹದಿಂದ ಅರಮನೆಯ ಹೆಣ್ಣುಮಕ್ಕಳಿಗೂ ದಾಕು ಹಾಕಿಸಲಾಯಿತು. ಥಾಮಸ್ ಹಿಕಿ ಎಂಬ ಕಲಾವಿದ 1805ರ ಸುಮಾರಿಗೆ ಬರೆದ ಚಿತ್ರದಲ್ಲಿ ಎಳೆಯ ರಾಣಿಯೊಬ್ಬಳು ಸೀರೆಯ ಸೆರಗು ಸರಿಸಿ ದಾಕಿನ ಜಾಗವನ್ನು ತೋರಿಸುತ್ತಿದ್ದಾಳೆಂದು ಇತಿಹಾಸಕಾರರು ಗುರುತಿಸಿದ್ದಾರೆ. ರುಮಾಲು ಸುತ್ತಿದ ದ್ಯುಬುವಾ ಸ್ವಾಮಿಗಳ ಚಿತ್ರವನ್ನು ಬರೆದವನೂ ಇದೇ ಹಿಕಿ.

ಈ 25,432 ಜನರಲ್ಲಿ ಕ್ರೈಸ್ತರು ಎಷ್ಟು, ಹಿಂದೂಗಳು ಎಷ್ಟು, ಮುಸಲ್ಮಾನರು ಎಷ್ಟು ಎಂದು ರೋಗ ಕೇಳಲಿಲ್ಲ, ಮದ್ದೂ ಕೇಳಲಿಲ್ಲ. ಹದಿನೈದು ವರ್ಷ ಸೆರೆಯಲ್ಲಿ ನರಳಿದ ಸಮುದಾಯದ ಗುರು ಅವರು. ಹಳೆಯ ಲೆಕ್ಕ ತೆಗೆದು ಕುಳಿತುಕೊಳ್ಳಬಹುದಿತ್ತು. ಗೆದ್ದವರು ತಮ್ಮ ಕಡೆಯೇ ಇದ್ದರು. ಅವರು ಊರೂರು ತಿರುಗಿ ತೋಳು ಚಾಚಿರೆಂದು ಕೇಳಿದರು. ಹಾಸನದ ಬಳಿ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ ಸುರಿದ ಸಮಾರಿಯದವನು ಹೊಡೆದವರು ಯಾರೆಂದು ವಿಚಾರಣೆ ನಡೆಸುತ್ತ ನಿಲ್ಲಲಿಲ್ಲವೆಂಬುದನ್ನು ನಾವು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಈ ಬೀದಿಯಲ್ಲಿ ಅದು ನಡೆದು ತೋರಿತು.

ಸೋತೆನೆಂದು ಹೊರಟವರು

ದೊಡ್ಡಸ್ವಾಮಿಯವರನ್ನು ಸಂತರ ಪೀಠದಲ್ಲಿ ಕೂರಿಸುವ ಆತುರ ನಮಗೆ ಬೇಡ. ಅವರೂ ತಮ್ಮ ಕಾಲದ ಮನುಷ್ಯರೇ. ಹಿಂದೂಗಳ ಆಚಾರ ವ್ಯವಹಾರಗಳ ಬಗ್ಗೆ ಅವರು ಬರೆದ ದೊಡ್ಡ ಗ್ರಂಥದ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 1807ರಲ್ಲಿ ಎರಡು ಸಾವಿರ ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಕಣ್ಣಾರೆ ಕಂಡ ಎಷ್ಟೋ ವಿವರಗಳಿವೆ. ಇಂದು ಓದಿದರೆ ನೋವಾಗುವ ಕಟುಮಾತುಗಳೂ ಇವೆ. ಅದರ ಬಹುಭಾಗಕ್ಕೆ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೇರ್ದು ಅವರ ಬರಹವೇ ಆಧಾರವೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ತಮಿಳು, ತೆಲುಗು, ಕನ್ನಡ ಪ್ರತಿಗಳನ್ನು ಇಟ್ಟುಕೊಂಡು ಅವರು ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದ್ದು ಮಾತ್ರ ಕನ್ನಡಿಗರಾದ ನಮಗೆ ಸಂತೋಷದ ಸಂಗತಿ.

ಮೂವತ್ತು ವರ್ಷ ದುಡಿದು 1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಪ್ರಯತ್ನ ಫಲಿಸುವುದಿಲ್ಲವೆಂದು ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ಯಾವ ಸಂಕೋಚವೂ ಇಲ್ಲದೆ ಬರೆದರು. ಅದಕ್ಕೆ ಇಂಗ್ಲೆಂಡಿನಲ್ಲಿ ಬಹಳ ಟೀಕೆ ಬಂತು. ಪಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿಯೂ ಸೇವೆ ಸಲ್ಲಿಸಿ, 1848ರ ಫೆಬ್ರವರಿ 17ರಂದು ದೇವರ ಪಾದ ಸೇರಿದರು. ಮತ್ತೆ ಈ ಕಡೆ ಬರಲಿಲ್ಲ.

ತಾನು ಸೋತೆನೆಂದು ತಿಳಿದು ಹೊರಟ ಆ ಗುರುವಿಗೆ ಕಾಣದ್ದು ನಮಗೆ ಕಾಣುತ್ತದೆ. ಅವರು ದೇಹಬಿಟ್ಟು ನಲವತ್ತು ವರ್ಷ ತುಂಬುವ ಮೊದಲೇ, 1886ರಲ್ಲಿ, ಮೈಸೂರು ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ತಲೆಯೆಣಿಕೆಯಲ್ಲಿ ಸೋಲೆಂದು ತೋರಿದ ಬದುಕು ಬೇರೆ ಲೆಕ್ಕದಲ್ಲಿ ಸೋಲಾಗಿರಲಿಲ್ಲ. ದಾಕಿನಿಂದ ಬದುಕುಳಿದ ಮಕ್ಕಳು, ಅವರ ಮಕ್ಕಳು, ಮೊಮ್ಮಕ್ಕಳು ಎಂದು ಎಣಿಸುತ್ತ ಹೋದರೆ ಆ ಲೆಕ್ಕ ಎಲ್ಲಿ ಮುಗಿದೀತು?

ಇಂದಿನ ಬೀದಿ

ಊರು ಮಾತ್ರ ಮತ್ತೆ ಹಿಂದಿನ ವೈಭವ ಕಾಣಲಿಲ್ಲ. ರಾಜಧಾನಿ ಮೈಸೂರಿಗೆ ಹೋಯಿತು. ಜ್ವರದ ಕಾಟ ತಾಳಲಾರದೆ 1809ರಲ್ಲಿ ಇಂಗ್ಲಿಷ್ ಸೇನೆಯ ಠಾಣೆ ಬೆಂಗಳೂರಿಗೆ ಹೊರಟಿತು. ಗೆದ್ದವರನ್ನೂ ಈ ಮಣ್ಣು ಬಿಡಲಿಲ್ಲ: ಅವರ ಸ್ಮಶಾನದಲ್ಲಿ ಅಧಿಕಾರಿಗಳು, ಅವರ ಹೆಂಡಿರು ಮಕ್ಕಳು, ಸ್ವಿಟ್ಜರ್ಲೆಂಡಿನ ದ ಮ್ಯೂರೋನ್ ಪಡೆಯ ಸೈನಿಕರು ಎಲ್ಲ ಸೇರಿ ಸುಮಾರು ಮುನ್ನೂರು ಸಮಾಧಿಗಳಿವೆ. 1901ರ ಜನಗಣತಿಯ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ಉಳಿದಿದ್ದವರು 8,584 ಜನ.

ಆದರೂ ಗಂಜಾಂ ಬದುಕಿದೆ. ಅಲ್ಲಿನ ಅಂಜೂರದ ಹೆಸರು ಇಂದಿಗೂ ತೋಟಗಾರರ ಬಾಯಲ್ಲಿದೆ. ಹೊಳೆದಡದ ನಿಮಿಷಾಂಬ ದೇವಸ್ಥಾನಕ್ಕೆ ದೂರದೂರದಿಂದ ಭಕ್ತರು ಬರುತ್ತಾರೆ. ಗುಂಬಜಿನ ಬಳಿಯ ಮಸೀದಿಯಿಂದ ಬಾಂಗು ಕೇಳುತ್ತದೆ. ದೊಡ್ಡಸ್ವಾಮಿಯವರ ಚರ್ಚು ಇವರೆಲ್ಲರ ನಡುವೆ ಇದೆ. ಒಂದೆರಡು ಕಿಲೋಮೀಟರಿನೊಳಗೆ ಸೆರೆಹಿಡಿದವನ ಸಮಾಧಿ, ಸೆರೆಯಾದವರ ನೆನಪು, ಗೆದ್ದವರ ಗೋರಿಗಳು, ಬಲವಂತದಿಂದ ಬಂದು ಇಲ್ಲಿನವರೇ ಆಗಿಹೋದವರ ಮನೆಗಳು. ಇವರಲ್ಲಿ ಯಾರನ್ನೂ ಈ ಬೀದಿಯಿಂದ ಹೊರಗೆ ಹಾಕಿ ಅದರ ಚರಿತ್ರೆ ಹೇಳಲಾಗದು.

ಟಿಪ್ಪುವಿನ ಹೆಸರೆತ್ತಿದರೆ ಜನ ಎರಡು ಪಾಳೆಯವಾಗುವುದನ್ನು ಈಚಿನ ವರ್ಷಗಳಲ್ಲಿ ನಾವು ಮತ್ತೆ ಮತ್ತೆ ಕಂಡಿದ್ದೇವೆ. ನಮ್ಮ ಪೂರ್ವಿಕರ ಸೆರೆಯ ಕಥೆಯನ್ನು ಎರವಲು ಪಡೆದು ಜಗಳಕ್ಕೆ ಒದಗಿಸಿಕೊಳ್ಳುವವರೂ ಇದ್ದಾರೆ. ಆ ಕಥೆ ನಮ್ಮದು. ಅದನ್ನು ಹೇಗೆ ಹೇಳಬೇಕೆಂಬುದೂ ನಮ್ಮ ಹೊಣೆ. ಮಕ್ಕಳಿಗೆ ಹೇಳೋಣ, ಮುಚ್ಚಿಡದೆ ಹೇಳೋಣ. ವಿಭೂತಿ ಬುಧವಾರ ಹಣೆಗೆ ಬೂದಿ ಇಟ್ಟುಕೊಳ್ಳುವಾಗ, 1784ರ ಆ ದಿನ ಘಟ್ಟ ಹತ್ತಿದ ತಾಯಂದಿರನ್ನು ನೆನೆಯೋಣ. ಜೊತೆಗೆ, ಕಥೆ ಅಲ್ಲಿಗೇ ನಿಲ್ಲಲಿಲ್ಲವೆಂದೂ ಹೇಳೋಣ. ಬಿಡುಗಡೆಯಾಗಿ ನಾಲ್ಕೈದು ವರ್ಷ ಆಗುವಷ್ಟರಲ್ಲಿ ಅದೇ ಸಮುದಾಯದ ಗುರುವೊಬ್ಬರು ಈ ನಾಡಿನ ಎಲ್ಲರ ಮಕ್ಕಳ ತೋಳನ್ನು ಹಿಡಿದು ಸಾವಿನಿಂದ ಪಾರುಮಾಡಲು ದುಡಿದರೆಂದು ಹೇಳೋಣ.

ಪ್ರತಿ ವರ್ಷ ಫೆಬ್ರವರಿ 17 ತಪಸ್ಸುಕಾಲದ ಆಸುಪಾಸಿನಲ್ಲೇ ಬರುತ್ತದೆ. ಆ ದಿನ ಸಂಜೆಯ ಜಪದಲ್ಲಿ ದೊಡ್ಡಸ್ವಾಮಿಯವರ ಆತ್ಮಕ್ಕಾಗಿ ಒಂದು ಪ್ರಾರ್ಥನೆ ಸಲ್ಲಿಸಿ, ಮನೆಯ ಅಜ್ಜ ಅಜ್ಜಿಯರ ತೋಳಿನ ಮೇಲಿನ ಆ ದುಂಡಗಿನ ಕಲೆಯನ್ನು ಮಕ್ಕಳಿಗೆ ತೋರಿಸಿದರೆ ಸಾಕು. ಗಂಜಾಮಿನ ಬೀದಿಯ ಕಥೆಯನ್ನು ಅಲ್ಲಿಂದಲೇ ಹೇಳಲು ಶುರುಮಾಡಬಹುದು.